ಗುದ್ದು ತಡೆಯುವ ಬೆನ್ನು

ಬೆನ್ನುನೋವು ನಗುವ ವಿಷಯವಲ್ಲ, ಒಪ್ಪಿದೆ. ಆದರೆ ನನ್ನ ಪಾಲಿಗೆ ಬರುವ ಬೆನ್ನುಗಳೇ ಹೀಗೋ, ನನ್ನ ಮುಖ ನೋಡಿದರೆ ಜನರಿಗೆ ಹೀಗೆಲ್ಲ ಮಾಡಬೇಕೆನಿಸುತ್ತದೋ ಗೊತ್ತಿಲ್ಲ, ಇಂಥದ್ದೊಂದು ನಡೆಯದೆ ವಾರ ಕಳೆಯುವುದಿಲ್ಲ. ನಾನು ಫಿಜಿಯೋಥೆರಪಿಸ್ಟ್. ಅಷ್ಟು ಉದ್ದದ ಹೆಸರಿಗೆ ನಾಲಿಗೆ ಸವೆಸುವುದೇಕೆಂದು ನಮ್ಮ ಕಡೆಯ ಜನ, ನೋವಿಗೆ ಕರೆಂಟ್ ಯಂತ್ರ ಹಚ್ಚುವ ನನ್ನನ್ನು ‘ಕರೆಂಟ್ ಡಾಕ್ಟ್ರವ್ವ’ ಮಾಡಿಬಿಟ್ಟಿದ್ದಾರೆ. ದವಾಖಾನೆ ಇರುವುದು ಸಿಂಧನೂರಿನಲ್ಲಿ. ವಾರಕ್ಕೊಮ್ಮೆ ಮಸ್ಕಿಗೆ, ವಾರಕ್ಕೊಮ್ಮೆ ಲಿಂಗಸುಗೂರಿಗೆ ಹೋಗಿ ಬರುತ್ತೇನೆ. ಬಸ್ಸಿನಲ್ಲಿ ಕೂತು ಕೂತು ನನ್ನ ಸೊಂಟವೇ ಹಿಡಿದುಕೊಂಡಿದೆ. ಇದನ್ನು ಮಾತ್ರ ಯಾರಿಗೂ ಹೇಳಬೇಡಿ, ಗಿರಾಕಿ ಕಡಿಮೆಯಾದಾವು.

ಈಗ ಹೇಳುವುದೆಲ್ಲ ಮಸ್ಕಿಯ ಒಬ್ಬ ಅಜ್ಜಿಯ ಬೆನ್ನಿನ ಸುತ್ತ ನಡೆದದ್ದು.

ಅಜ್ಜಿಯ ಬೇಡಿಕೆ

ಎಪ್ಪತ್ತು ದಾಟಿದ ಜೀವ. ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನೆಲುಬಿನ ಒಂದು ಮಣಿ ಕುಸಿದಿತ್ತು. ಎಲುಬು ಕೂಡಿಕೊಂಡಿದ್ದರೂ ಹೆದರಿಕೆ ಕೂಡಿಕೊಂಡಿರಲಿಲ್ಲ, ಅರ್ಧ ಬಗ್ಗಿಕೊಂಡೇ ನಡೆಯುತ್ತಿದ್ದರು. ಸಾಮಾನ್ಯವಾಗಿ ಎಲ್ಲರೂ ನೋವು ಹೋಗಲಿ ಎಂದು ಬರುತ್ತಾರೆ. ಇವರು ಒಳಗೆ ಬಂದವರೇ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು:

“ಡಾಕ್ಟ್ರವ್ವಾ, ನನ್ನ ಬೆನ್ನು ಗುದ್ದು ತಡಿಯೋ ಹಂಗ ಮಾಡಿಕೊಡು.”

ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. “ಯಮ್ಮಾ, ಯಾರು ಬೇ ನಿನಗ ಗುದ್ದೋರು?”

“ಬೀಗರು.”

“ಯಾಕ?”

“ಸಂತೋಷಕ್ಕ.”

ಆಮೇಲೆ ತಿಳಿಯಿತು. ಅಜ್ಜಿಯ ತಮ್ಮ ದಢೇಸುಗೂರಿನಲ್ಲಿ ಭತ್ತದ ದೊಡ್ಡ ರೈತ. ಆತನ ಸೊಸೆ ಬಸುರಿ, ತವರು ಲಿಂಗಸುಗೂರು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ತಮ್ಮನ ಮಗನಿಗೆ ಅಕ್ಕ ತಂಗಿ ಇಲ್ಲದ್ದರಿಂದ ಆ ಪಟ್ಟ ಈ ಅಜ್ಜಿಗೇ ಬರಬೇಕು. ಆದರೆ ಸೊಸೆಯ ತಾಯಿ, ಲಿಂಗಸುಗೂರಿನ ಬೀಗತಿ, ಆಗಲೇ ತಕರಾರು ತೆಗೆದಿದ್ದರು.

“‘ಮುದುಕಿ ಬಗ್ಗಿದ್ರ ಮುರೀತಾಳ, ನಮ್ಮ ತಂಗಿ ಮಗಳು ಹೇಳ್ತಾಳ ತಗೋರಿ’ ಅಂದಾಳಂತ ಬೀಗತಿ. ನಾ ಜೀವಂತ ಇರಬೇಕಾದ್ರ ಹಾದ್ಯಾಗ ಹೋಗೋರು ಹೆಸರಿಡೋದಾ? ಹೆಣ್ಣು ಕೂಸಾದ್ರ ನಮ್ಮವ್ವನ ಹೆಸರು ಐತಿ. ಅದನ್ನ ನನ್ನ ಬಾಯಿಲೆ ಹೇಳಬೇಕು.”

ಕಣ್ಣಲ್ಲಿ ನೀರು ತುಂಬಿತ್ತು. ನಾನು ಎಲುಬಿನ ವಿಷಯವೆಲ್ಲ ಬಿಡಿಸಿ ಹೇಳಿ, “ಹೆಸರು ನೀನ ಇಡು, ಗುದ್ದು ಮಾತ್ರ ಬ್ಯಾಡ” ಎಂದೆ.

ಅಜ್ಜಿ ನನ್ನನ್ನು ಏನೂ ಓದದವಳ ಹಾಗೆ ನೋಡಿದರು. “ಗುದ್ದು ಬೀಳದಿದ್ರ ಹೆಸರು ಕೂಸಿಗೆ ಹತ್ತತೈತೇನು?”

ಕೊನೆಗೆ ಒಪ್ಪಂದವಾಯಿತು. ಹೇಳಿದ ವ್ಯಾಯಾಮ ತಪ್ಪದೆ ಮಾಡುವುದು, ಸೊಂಟದಿಂದ ಬಗ್ಗದೆ ಮೊಣಕಾಲು ಮಡಚಿ ಕೂರುವುದನ್ನು ಕಲಿಯುವುದು, ಆ ದಿನ ಒಳಗೆ ಪಟ್ಟಿಗಳಿರುವ ಬೆನ್ನಿನ ಬೆಲ್ಟ್ ಕಟ್ಟಿಕೊಳ್ಳುವುದು. ಹೆಂಗಸರು ಗುದ್ದುವ ಬದಲು ಮೆಲ್ಲಗೆ ಕೈ ಮುಟ್ಟಿಸಬೇಕು, ಆ ಜವಾಬ್ದಾರಿ ನನ್ನದು. ಅಜ್ಜಿ ಏಳುತ್ತಾ ಹೇಳಿದರು: “ಆಗಲಿ. ಆದ್ರ ಮುಟ್ಟಿದ್ದು ಸಪ್ಪಳ ಆಗಬೇಕು ಮತ್ತ.”

ಬದಲಿ ಆಳು

ಅಕ್ಕ ಬರುತ್ತಾಳೆಂದು ತಮ್ಮನೂ ಬಂದರು. ಈ ದಢೇಸುಗೂರಿನ ಯಜಮಾನರಿಗೆ ಬೆನ್ನು ನೆಟ್ಟಗಿತ್ತು, ತೊಡೆಯಲ್ಲಿ ಮಾತ್ರ ತ್ರಾಣವಿರಲಿಲ್ಲ. ಕುರ್ಚಿಯಿಂದ ಏಳಬೇಕಾದರೆ ಇಬ್ಬರು ಕೈ ಹಿಡಿಯಬೇಕು. ಕೈಯೂರದೆ ಎದ್ದು ಕೂರುವ ವ್ಯಾಯಾಮ ಹೇಳಿ, ಬೆಳಿಗ್ಗೆ ಸಂಜೆ ಬಿಡದೆ ಆಗಬೇಕು ಎಂದು ತಾಕೀತು ಮಾಡಿ ಕಳಿಸಿದೆ.

ಸ್ವಲ್ಪ ದಿನ ಬಿಟ್ಟು ಅಕ್ಕನ ಜೊತೆ ಮತ್ತೆ ಬಂದರು. ಹೋದಾಗ ಹೇಗಿದ್ದರೋ ಹಾಗೇ ಇದ್ದಾರೆ.

“ವ್ಯಾಯಾಮ ಆಗಾಕತ್ತೈತೇನ್ರಿ ಯಜಮಾನ್ರ?”

“ಒಂದು ಹೊತ್ತೂ ತಪ್ಪಿಲ್ಲವ್ವಾ. ಮುಂದ ನಿಂತು ನೋಡ್ಕೋತೀನಿ.”

“ಎಲ್ಲಿ, ತೋರಸ್ರಿ ನೋಡೂಣು.”

ಯಜಮಾನರು ಬಾಗಿಲ ಕಡೆ ತಿರುಗಿ ಒಂದು ಕೂಗು ಹಾಕಿದರು. ಅವರ ಮನೆಯ ಸಂಬಳದ ಆಳು ಒಳಗೆ ಬಂದ. ಟವೆಲ್ಲು ತೆಗೆದಿಟ್ಟು, ಕುರ್ಚಿಯಲ್ಲಿ ಕೂತು, ಎದ್ದು, ಕೂತು, ಎದ್ದು, ಪುಸ್ತಕದಲ್ಲಿ ಬರೆದಂತೆ ಮಾಡಿ ತೋರಿಸಿದ. ಆ ತೊಡೆಗಳನ್ನು ನೋಡಿದರೆ ಯಾವ ಪೈಲ್ವಾನನಿಗೂ ಹೊಟ್ಟೆಕಿಚ್ಚಾಗಬೇಕು.

“ಯಜಮಾನ್ರ, ಇದನ್ನ ನೀವು ಮಾಡಬೇಕು!”

ಅವರು ಶಾಂತವಾಗಿ ಕೇಳಿದರು: “ಭತ್ತದ ನಾಟಿ ನಾ ಹಚ್ತೀನೇನವ್ವಾ? ಆಳಿಲೆ ಹಚ್ಚಸ್ತೀನಿ. ಬೆಳಿ ಮಾತ್ರ ನನ್ನ ಮನಿಗೇ ಬರತೈತಿ.”

ಇಷ್ಟಕ್ಕೇ ಬಿಡಲಿಲ್ಲ. ಅಕ್ಕನ ಚಿಂತೆಗೂ ಅವರ ಬಳಿ ಇದೇ ಔಷಧವಿತ್ತು. “ಅಕ್ಕಾ, ಹೆಸರು ನೀ ಹೇಳು. ಗುದ್ದು ತಿನ್ನಾಕ ನಮ್ಮ ಹೊಲದಾಗಿನ ಒಂದು ಗಟ್ಟಿ ಹೆಣ್ಣಾಳು ಕಳಸ್ತೀನಿ. ನಿನ್ನ ಬೆನ್ನ ಹಿಂದ ನಿಂತಿರ್ತಾಳ.”

ಅಜ್ಜಿ ಸಿಟ್ಟಿನಿಂದ ಎದ್ದು ನಿಂತರು. ಎಷ್ಟು ನೆಟ್ಟಗೆ ನಿಂತರೆಂದರೆ, ಅದೇ ಅವರ ಆ ದಿನದ ವ್ಯಾಯಾಮವೆಂದು ನಾನು ಲೆಕ್ಕಕ್ಕೆ ಹಿಡಿದೆ.

ಅಟ್ಟದ ಮೇಲಿನ ಬೆಲ್ಲ

ಅಜ್ಜಿ ತಮ್ಮನಂಥವರಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಲ್ಲು ಎಂದರೆ ಸುಣ್ಣ ಸೀರೆಗೆ ಅಂಟುವವರೆಗೆ ನಿಂತರು. ಅಡುಗೆಮನೆಯ ಕಟ್ಟೆ ಹಿಡಿದು ತುದಿಗಾಲಲ್ಲಿ ಏಳು ಎಂದರೆ ಅನ್ನಕ್ಕಿಟ್ಟಾಗ, ಸಾರು ಕುದಿಯುವಾಗ, ಹಾಲು ಉಕ್ಕುವಾಗಲೂ ಎದ್ದರು. ದಿನೇ ದಿನೇ ಬೆನ್ನು ನೆಟ್ಟಗಾಗುತ್ತಾ ಬಂತು. ನನಗೆ ಹೆಮ್ಮೆಯೋ ಹೆಮ್ಮೆ.

ಒಂದು ದಿನ ಅಜ್ಜಿಯ ಸೊಸೆ ಒಬ್ಬಳೇ ಬಂದು ಎದುರಿಗೆ ಕೂತಳು. ಮುಖ ಸಣ್ಣದಾಗಿತ್ತು. ಅತ್ತೆಗೆ ನೋವೇನಾದರೂ ಹೆಚ್ಚಾಯಿತೇ ಎಂದು ಗಾಬರಿಯಾಗಿ ಕೇಳಿದೆ.

“ನೋವಿಲ್ರೀ ಮೇಡಂ. ಅತ್ತಿಗೆ ಸಕ್ಕರಿ ಕಾಯಿಲೆ ಐತಲ್ರೀ. ಅದಕ್ಕ ಬೆಲ್ಲದ ಡಬ್ಬಿ, ಶೇಂಗಾ ಉಂಡಿ ಎಲ್ಲಾ ಮ್ಯಾಲಿನ ಹಲಗಿ ಮ್ಯಾಲೆ ಇಟ್ಟಿದ್ದೆ. ಬಗ್ಗಿ ನಡೆಯೋ ಜೀವಕ್ಕ ಅದು ಇಷ್ಟು ವರ್ಷ ಕಂಡೇ ಇದ್ದಿಲ್ಲ. ಈಗ ಕಂಡೈತಿ, ಕೈಗೂ ನಿಲುಕಾಕತ್ತೈತಿ.”

“ಮತ್ತ ನಾ ಏನು ಮಾಡ್ಲಿ?”

ಅವಳು ಕೈ ಮುಗಿದಳು. “ಇನ್ನ ಎತ್ತರ ಮಾಡಬ್ಯಾಡ್ರೀ.”

ಚಾಚಾನ ಗಿರಾಕಿಗಳು

ಅಜ್ಜಿಯ ಮನೆಯ ಪಕ್ಕ ಒಬ್ಬ ಟೇಲರ್ ಚಾಚಾ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಬೆನ್ನು ಕೊಡೆಯ ಹಿಡಿಕೆಯಾಗಿತ್ತು. ಅಜ್ಜಿಯೇ ಕೈ ಹಿಡಿದು ಕರೆತಂದರು. ಕುರ್ಚಿ ಎತ್ತರ ಮಾಡಿಸಿದೆ, ಭುಜ ಹಿಂದೆ ಎಳೆಯುವುದನ್ನು ಕಲಿಸಿದೆ. ಪಾಪ, ಶ್ರದ್ಧೆಯಿಂದ ಮಾಡಿದರು. ತಲೆ ಮೇಲೆದ್ದಿತು.

ಮುಂದಿನ ಸಲ ನೋಡಿದರೆ ಮನುಷ್ಯ ಮಂಕಾಗಿ ಕೂತಿದ್ದಾರೆ.

“ಯಾಕ ಚಾಚಾ, ನೋವು ಕಡಿಮಿ ಆಗಿಲ್ಲೇನು?”

“ದರ್ದ್ ಗಯಾ ಬೇಟಿ, ಧಂದಾನೂ ಹೋತು. ಇಷ್ಟು ವರ್ಷ ಬಗ್ಗೇ ಇದ್ದೆ, ಗಿರಾಕಿನ್ನ ಸೊಂಟ ನೋಡೇ ಗುರುತು ಹಿಡೀತಿದ್ದೆ. ಈಗ ಎಲ್ಲಾರ ಮಾರಿ ಕಾಣಾಕತ್ತಾವ. ಯಾರು ಯಾರಂತ ತಿಳೀವಲ್ದು!”

ಇದೇ ಚಾಚಾನ ಕೈಗೆ ಅಜ್ಜಿ ನಾನು ಕೊಟ್ಟ ಬೆಲ್ಟನ್ನೂ ಒಪ್ಪಿಸಿದ್ದರು. ಆ ಮಾಸಲು ಬಣ್ಣ ತೊಟ್ಟಿಲ ಮುಂದೆ ಚೆನ್ನಾಗಿ ಕಾಣುವುದಿಲ್ಲವಂತೆ. ಕುಪ್ಪಸದ ಖಣದ ಬಟ್ಟೆಯನ್ನೇ ಅದಕ್ಕೂ ಹೊದಿಸಿ ಹೊಲಿಯಬೇಕಂತೆ. ಬಟ್ಟೆ ಹೊದಿಸಿದರೆ ಏನು ಕೆಡುತ್ತದೆಂದು ನಾನು ಹೂಂ ಎಂದೆ.

ಕುರ್ರ್

ಹೆಣ್ಣು ಕೂಸೇ ಹುಟ್ಟಿತು. ಲಿಂಗಸುಗೂರಿನ ಬೀಗರ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ನಾನು ಮೊದಲೇ ಹೋಗಿ ಹೆಂಗಸರನ್ನೆಲ್ಲ ಸೇರಿಸಿ, “ಬೆನ್ನು ನಾಜೂಕು ಐತಿ, ಯಾರೂ ಗುದ್ದಬ್ಯಾಡ್ರಿ, ಮೆಲ್ಲಕ ಕೈ ಮುಟ್ಟಿಸ್ರಿ ಸಾಕು” ಎಂದು ಬೇಡಿಕೊಂಡೆ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಬೀಗತಿ. ದಿನಾ ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿಯುವ ಅವರ ತೋಳು ನೋಡಿ ಅವರಿಗೆ ಮಾತ್ರ ಇನ್ನೊಮ್ಮೆ ಹೇಳಿದೆ.

ಅಜ್ಜಿ ಇಳಕಲ್ ಸೀರೆಯುಟ್ಟು ಕಂಬದಂತೆ ನೆಟ್ಟಗೆ ನಡೆದು ಬಂದರು. ತೊಟ್ಟಿಲ ಮುಂದೆ ನಿಂತರು. ನಿಂತೇ ಇದ್ದರು. ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ: “ಯಾಕ ಬೇ?”

“ಬೆಲ್ಟ್ ಬಿಗಿ ಹಿಡದೈತಿ. ತುಸುನೂ ಬಗ್ಗಾಕ ಬರವಲ್ದು.”

ಬೀಗತಿಗೆ ಅಷ್ಟೇ ಸಾಕಾಯಿತು. “ನಾ ಮೊದಲ ಹೇಳಿದ್ದಿಲ್ಲೇನು? ಸರೀರಿ, ನಮ್ಮ ತಂಗಿ ಮಗಳು ತಯಾರ್ ಅದಾಳ.”

ತಂಗಿಯ ಮಗಳು ಸೆರಗು ಸಿಗಿಸಿಕೊಂಡು ಮುಂದೆ ಬಂದೇಬಿಟ್ಟಳು. ಅಜ್ಜಿ ನನ್ನ ಕಡೆ ನೋಡಿದರು. ಇಷ್ಟೆಲ್ಲ ಮಾಡಿ ಹೀಗೆ ಆಗಬೇಕೇ? “ಯಮ್ಮಾ, ಬಗ್ಗಬ್ಯಾಡ. ಕುರ್ಚಿ ಐತಿ ಅಂತ ತಿಳ್ಕೊಂಡು ಕುಂದ್ರು” ಎಂದೆ.

ಅಜ್ಜಿ ಉಸಿರೆಳೆದುಕೊಂಡರು. ಬೆನ್ನು ಕೂದಲೆಳೆಯಷ್ಟೂ ಅಲುಗದಂತೆ, ತೊಡೆಯ ಬಲದ ಮೇಲೆ, ಮೊಣಕಾಲು ಮಡಚಿ ನಿಧಾನಕ್ಕೆ ಇಳಿದರು. ಬಾಯಿ ಕೂಸಿನ ಕಿವಿಯ ಮಟ್ಟಕ್ಕೆ ಬಂತು. “ಕುರ್ರ್...” ಎಂದು ತಮ್ಮ ತಾಯಿಯ ಹೆಸರು ಹೇಳಿದರು.

ನನ್ನ ಬೇಡಿಕೆ ಆ ಕ್ಷಣಕ್ಕೇ ಗಾಳಿಗೆ ಹೋಯಿತು. ‘ಕುರ್ರ್’ ಕೇಳಿದ ಮೇಲೆ ನಮ್ಮ ಹೆಂಗಸರ ಕೈ ಅವರ ಮಾತು ಕೇಳುವುದಿಲ್ಲ. ಬೀಗತಿಯ ಮುಷ್ಟಿ ಮೇಲೆದ್ದದ್ದು ಕಂಡಿತು, ನಾನು ಕಣ್ಣು ಮುಚ್ಚಿಕೊಂಡೆ.

ಠಕ್!

“ಯವ್ವಾ, ಸತ್ತೆ!”

ಕಣ್ಣು ಬಿಟ್ಟರೆ ಬೀಗತಿ ಕೈ ಹಿಡಿದುಕೊಂಡು ಅಂಗಳದ ತುಂಬ ಕುಣಿಯುತ್ತಿದ್ದಾರೆ. ಅವರ ಹಿಂದೆಯೇ ಗುದ್ದಿದ ಇನ್ನಿಬ್ಬರು ಬೆರಳು ಬಾಯಲ್ಲಿಟ್ಟುಕೊಂಡಿದ್ದಾರೆ. ಅಜ್ಜಿ ಮಾತ್ರ ಯಾರ ಕೈಯೂ ಹಿಡಿಯದೆ, ಇಳಿದ ಹಾಗೇ ನಿಧಾನಕ್ಕೆ ಎದ್ದು ನಿಂತು ಸುತ್ತ ನೋಡಿದರು.

“ಏನ್ ಗದ್ದಲ ಬೇ! ಹೆಸರು ಯಾರಿಗಾದ್ರೂ ಕೇಳಿಸ್ತೋ ಇಲ್ಲೋ? ತಡೀರಿ, ಇನ್ನೊಮ್ಮೆ ಹೇಳ್ತೀನಿ. ಬರ್ರಿ, ಗುದ್ರಿ!”

ಅಂಗಳದ ಹೆಂಗಸರೆಲ್ಲ ಒಂದೇ ಸಲ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಒಳಗೆ ಕರೆದೊಯ್ದು ಬೆಲ್ಟ್ ಬಿಚ್ಚಿ ನೋಡಿದೆ. ಬೆನ್ನಿಗೆ ಒಂದು ಗೀರೂ ಇಲ್ಲ. ಖಣದ ಬಟ್ಟೆಯ ಒಳಗೆ ಬೆನ್ನಿನ ಉದ್ದಕ್ಕೂ ಒಂದು ಕಟ್ಟಿಗೆ! ಚಾಚಾಗೆ ಫೋನ್ ಹಚ್ಚಿದೆ.

“ಅರೆ ಬೇಟಿ, ಬೆಲ್ಟಿನಾಗಿನ ಪಟ್ಟಿ ನನ್ನ ಸೂಜಿಗೆ ಅಡ್ಡ ಬಂತು, ತಗದೆ. ಜಾಗಾ ಖಾಲಿ ಯಾಕ ಬಿಡಬೇಕಂತ ನನ್ನ ಅಳತಿ ಕಟ್ಟಿಗಿ ಹಾಕಿ ಹೊಲ್ದೆ. ಅದನ್ನ ಜಲ್ದಿ ಕಳಸು. ಆವತ್ತಿಂದ ಗೇಣಿಲೆ ಅಳದು ಅಳದು ಎಲ್ಲಾರ ಪೈಜಾಮಾನೂ ಗಿಡ್ಡ ಆಗ್ಯಾವ.”

ಮುಂದಿನ ವಾರ ಲಿಂಗಸುಗೂರಿನಲ್ಲಿ ನನ್ನ ಮೊದಲ ಪೇಷಂಟ್ ಯಾರು ಹೇಳಿ? ಬೀಗತಿ. ಎಲುಬಿಗೇನೂ ಆಗಿರಲಿಲ್ಲ, ಕೈ ಮಾತ್ರ ಪೂರಿಯಂತೆ ಊದಿತ್ತು. ಬೀಗರ ಕ್ಷೇಮ ವಿಚಾರಿಸಲು ಅಕ್ಕ ತಮ್ಮ ಇಬ್ಬರೂ ಬಂದು ಕೂತಿದ್ದರು. ನಾನು ರಬ್ಬರ್ ಚೆಂಡು ಕೊಟ್ಟು, ದಿನಾ ಇದನ್ನು ಹಿಚುಕಬೇಕು ಎಂದೆ.

ದಢೇಸುಗೂರಿನ ಯಜಮಾನರು ತಡಮಾಡಲಿಲ್ಲ. “ಬೀಗತೆವ್ವಾರ, ನೀವ್ಯಾಕ ತ್ರಾಸ ತಗೋತೀರಿ? ಆಳು ಕಳಸ್ಲೇನು?”

ಅಜ್ಜಿ ತಮ್ಮನ ಬಾಯಿ ಮುಚ್ಚಿಸಿ, ಚೆಂಡನ್ನು ತೆಗೆದು ಬೀಗತಿಯ ಊದಿದ ಕೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮೆಲ್ಲಗೆ ಮಡಚಿದರು.

“ತಾನ ಹಿಚುಕಲಿ, ಬಿಡು. ಎರಡನೇ ಕೂಸು ಹುಟ್ಟೋದ್ರೊಳಗ ಕೈ ಗಟ್ಟಿ ಮಾಡ್ಕೋ ಬೇ ಬೀಗತೆವ್ವಾ. ಬೆನ್ನು ನಾ ಅಲ್ಲೀತನಾ ಇಟ್ಟಿರ್ತೀನಿ.”