ಗೋಡೆಯಾಚೆಯ ಮೂವತ್ತೈದು ಕಿಲೋಮೀಟರ್

"ಈ ಚಳಿಗಾಲದಲ್ಲಿ ಸೋಫಾಗೂ ನನಗೂ ಸಂಬಂಧ ಇಲ್ಲ" ಎಂದು ಮೊದಲ ಹಿಮ ಬಿದ್ದ ದಿನವೇ ಮಿರೋನ್ ಹೆಂಡತಿ ಲೆಸ್ಯಾಳ ಮುಂದೆ ಸಾರಿದ. ವಿನಿಪೆಗ್‌ನ ಚಳಿಯಲ್ಲಿ ರಸ್ತೆಗಿಳಿದರೆ ಮೂಗು ಉಳಿಯುವುದಿಲ್ಲ. ಆದ್ದರಿಂದ ನೆಲಮಾಳಿಗೆಯಲ್ಲಿ, ವಾಷಿಂಗ್ ಮಷೀನಿನ ಪಕ್ಕ, ಟ್ರೈನರ್ ಎಂಬ ಸ್ಟ್ಯಾಂಡಿಗೆ ಸೈಕಲ್ಲನ್ನು ಬಿಗಿದ. ಎದುರಿಗೆ ಟಿವಿ. ಇಲ್ಲಿ ಇವನು ತುಳಿದಷ್ಟೂ ಅಲ್ಲಿ ಒಂದು ಬೊಂಬೆ ಸವಾರ ಬೆಟ್ಟದ ದಾರಿಯಲ್ಲಿ ಓಡಬೇಕು.

ಓಡಿತು, ಆದರೆ ತನ್ನಿಷ್ಟಕ್ಕೆ. ಮಿರೋನ್ ಜೀವ ಬಿಟ್ಟು ತುಳಿದಾಗ ಬೊಂಬೆ ತೆವಳಿತು. ಸುಸ್ತಾಗಿ ಹ್ಯಾಂಡಲ್ ಮೇಲೆ ತಲೆಯಿಟ್ಟಾಗ ಗಂಟೆಗೆ ಮೂವತ್ತೈದು ಕಿಲೋಮೀಟರ್ ಹಾರಿತು! ಮೂರು ದಿನ ತಲೆ ಕೆರೆದುಕೊಂಡ. ನಾಲ್ಕನೆಯ ದಿನ ಜ್ಞಾನೋದಯವಾಯಿತು: ಸೈಕಲ್ ಓಡಿಸುವುದು ಕಾಲಲ್ಲ, ಮನಸ್ಸು. ಈ ತತ್ವವನ್ನು ಸೈಕಲ್ ಕ್ಲಬ್ಬಿನಲ್ಲಿ ಉಪದೇಶಿಸಿದ. ಅವನ ವೇಗದ ಅಂಕಿಗಳನ್ನು ನೋಡಿ ಕ್ಲಬ್ಬಿನ ನಾಯಕಿ ಡಾರ್ಲೀನ್, ಮೇ ತಿಂಗಳ ಪಂದ್ಯದ ತಂಡಕ್ಕೆ ಅವನನ್ನು ಆರಿಸಿಯೇಬಿಟ್ಟಳು.

ಒಂದು ಸಂಜೆ ಫೋನ್ ಬಂತೆಂದು ಮಿರೋನ್ ಸೈಕಲ್ಲಿನಿಂದ ಇಳಿದ. ಒಗೆಯುವ ಬಟ್ಟೆ ಹೊತ್ತು ಬಂದ ಲೆಸ್ಯಾ ಟಿವಿ ನೋಡಿದಳು, ಗಂಡನನ್ನು ನೋಡಿದಳು.

"ನೀನು ಇಲ್ಲಿದ್ದೀಯ. ಹಾಗಾದ್ರೆ ಅಲ್ಲಿ ತುಳೀತಿರೋದು ಯಾರು?"

ಮಿರೋನ್ ಫೋನನ್ನು ಕೆಳಗಿಟ್ಟ. ಇಬ್ಬರೂ ಕಿವಿ ನಿಮಿರಿಸಿದರು. ಪಕ್ಕದ ಮನೆಯ ಗೋಡೆಯಿಂದ ಸಣ್ಣಗೆ ಗುಂಯ್ ಎಂಬ ಸದ್ದು.

ಆ ಮನೆಯಲ್ಲಿದ್ದುದು ಸ್ಟೆಫಾನಿಯಾ, ಪಿಯಾನೋ ಕಲಿಸಿ ನಿವೃತ್ತಿಯಾದ ಎಪ್ಪತ್ತಮೂರರ ಅಜ್ಜಿ. ಕಾದಂಬರಿ ಓದುತ್ತಾ ಟ್ರೈನರ್ ತುಳಿಯುತ್ತಿದ್ದರು. ಟಿವಿಯ ಗೋಜಿಗೇ ಹೋಗಿರಲಿಲ್ಲ. ತಂತಿಯಿಲ್ಲದ ಈ ಯುಗದಲ್ಲಿ ಮಿರೋನನ ಟಿವಿ ಗೋಡೆ ದಾಟಿ ಅವರ ಟ್ರೈನರ್ ಜೊತೆ ಸಂಬಂಧ ಬೆಳೆಸಿತ್ತು. ದಿನಾ ಆರು ಗಂಟೆಗೆ ಇಬ್ಬರೂ ತುಳಿಯುತ್ತಿದ್ದರು, ಕೀರ್ತಿ ಮಾತ್ರ ಇವನಿಗೆ.

"ಇಷ್ಟು ವೇಗವಾಗಿ ಹೇಗೆ ತುಳೀತೀರಿ?" ಎಂದು ಮಿರೋನ್ ಅವರ ಮನೆಗೇ ಹೋಗಿ ಕೇಳಿದ.

"ವೇಗಾನಾ? ಮೊಣಕಾಲು ನೋವು ಅಂತ ಡಾಕ್ಟರು ನಿಧಾನಕ್ಕೆ ತುಳೀರಿ ಅಂದಿದಾರಪ್ಪ. ನಿಧಾನಕ್ಕೇ ತುಳೀತಿದೀನಿ."

ಮಿರೋನ್ ಡಾರ್ಲೀನ್‌ಗೆ ಫೋನ್ ಮಾಡಿ, ನಾಚಿಕೆ ನುಂಗಿಕೊಂಡು ಎಲ್ಲವನ್ನೂ ಹೇಳಿದ. ಅವಳು ಕೇಳಿದ್ದು ಒಂದೇ: ಅಜ್ಜಿಯ ನಂಬರ್.

ಮರುದಿನ ಟಿವಿಯನ್ನು ತನ್ನದೇ ಟ್ರೈನರಿಗೆ ಜೋಡಿಸಿ, ಹಲ್ಲು ಕಚ್ಚಿ ತುಳಿದ. ಬೆವರು ನೆಲಕ್ಕೆ ತೊಟ್ಟಿಕ್ಕಿತು. ಲೆಸ್ಯಾ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದಳು: ಗಂಟೆಗೆ ಹದಿನಾಲ್ಕು ಕಿಲೋಮೀಟರ್.

"ಮತ್ತೆ ಕೆಟ್ಟುಹೋಯ್ತಾ?"

"ಇಲ್ಲ," ಎಂದ ಮಿರೋನ್, ಏದುಸಿರಿನ ನಡುವೆ. "ಈಗ ಸರಿಹೋಯ್ತು."