ಎಣಿಕೆಯ ಮೇಲಿದ್ದಾಗ ಬಂದ ಜಾಹೀರಾತು

ಜಾಹೀರಾತಿಗೆ ಮರುಳಾಗುವ ಜನರ ಬಗ್ಗೆ ನನಗೆ ಮೊದಲಿನಿಂದಲೂ ಕನಿಕರ. ಟಿ.ವಿ.ಯಲ್ಲಿ ಒಬ್ಬಳು ಬಿಳಿ ಅಂಗಿಯನ್ನು ಬಿಸಿಲಿಗೆ ಹಿಡಿದು ನಕ್ಕ ಕೂಡಲೇ ನಮ್ಮ ಓಣಿಯ ಅರ್ಧ ಜನ ಸಾಬೂನು ಬದಲಿಸುತ್ತಾರೆ. ನಾನು ಹಾಗಲ್ಲ. ನಾನು ಜಾಹೀರಾತು ನೋಡುವುದು ಕೇವಲ ಅಧ್ಯಯನಕ್ಕಾಗಿ. ಅಧ್ಯಯನ ಮಾಡುತ್ತ ಮಾಡುತ್ತ ಕೆಲವು ವಸ್ತುಗಳು ಮನೆಗೆ ಬಂದು ಸೇರಿವೆ, ಅದು ಬೇರೆ ಮಾತು.

ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಪಹಣಿ ತೆಗೆಸಲು ಬಂದವರಿಗೆ ಯಾವ ಫೋನು ಕೊಳ್ಳಬೇಕು, ಯಾವ ಸ್ಪೀಕರಿನಲ್ಲಿ ತಬಲಾದ ಎಡಗೈ ಸರಿಯಾಗಿ ಕೇಳುತ್ತದೆ, ವರ್ಷಕ್ಕೊಂದು ಕ್ಯಾಮೆರಾ ಹೆಚ್ಚಾದರೂ ನಮ್ಮ ಮುಖ ಯಾಕೆ ಹಾಗೇ ಇದೆ ಎಂಬ ವಿಷಯಗಳನ್ನು ಉಚಿತವಾಗಿ ತಿಳಿಸುತ್ತೇನೆ. ಕೆಲವರು ಪಹಣಿ ಬಿಟ್ಟೇ ಹೋಗುತ್ತಾರೆ. ಜ್ಞಾನದ ಭಾರವನ್ನು ಎಲ್ಲರೂ ತಡೆಯಲಾರರು.

ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಒಂದು ಕುಣಿಮಗ್ಗ ಇದೆ. ಮೊದಲು ಅದರ ಮೇಲೆ ನನ್ನ ಅವ್ವ ಕಳಕವ್ವ ಕೂಡುತ್ತಿದ್ದಳು, ಮೊಣಕಾಲು ಕೈಕೊಟ್ಟ ಮೇಲೆ ನನ್ನ ಹೆಂಡತಿ ಮಧುಮತಿ ಕೂಡುತ್ತಾಳೆ. ನಾನೂ ಹದಿನೈದನೇ ವಯಸ್ಸಿನಲ್ಲಿ ಒಂದು ಟವೆಲ್ ನೇಯ್ದಿದ್ದೆ. ಅವ್ವ ಅದನ್ನು ಇವತ್ತಿಗೂ ಬಿಸಿ ಪಾತ್ರೆ ಇಳಿಸಲು ಬಳಸುತ್ತಾಳೆ. ಬೇರೆ ಯಾವುದಕ್ಕೂ ಅದು ಬರುವುದಿಲ್ಲವಂತೆ.

ಈ ಮನೆಯಲ್ಲಿ ಒಂದು ಕಾಯಿದೆ ಉಂಟು. ಮಗ್ಗದ ಮೇಲಿದ್ದವರು ಚೌಕಡಿ ಎಣಿಸುವಾಗ ಯಾರೂ ಮಾತನಾಡಿಸಕೂಡದು. ನಲವತ್ತು ಎಳೆ ಹಳದಿ, ನಾಲ್ಕು ಎಳೆ ಕೆಂಪು. ಮತ್ತೆ ನಲವತ್ತು ಹಳದಿ, ನಾಲ್ಕು ಕೆಂಪು. ಹೀಗೆ ಎಣಿಸುತ್ತ ನೇಯ್ದರೆ ನಮ್ಮೂರ ಪಟ್ಟೇದಂಚಿನ ಸೀರೆಯ ಮೈತುಂಬ ಸರಿಸಮ ಚೌಕಡಿ ಬೀಳುತ್ತವೆ. ಎಣಿಕೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಬಂದವರು ಬಾಗಿಲ ಚೌಕಟ್ಟಿಗೆ ಒರಗಿ ಸುಮ್ಮನೆ ನಿಲ್ಲಬೇಕು. ಮಗ್ಗದವರು ನೂಲು ಹಾಯಿಸುವ ಲಾಳಿಯನ್ನು ಬಟ್ಟೆಯ ಮೇಲಿಟ್ಟು 'ಬರ್ರಿ' ಅಂದ ಮೇಲೆಯೇ ಬಾಯಿ ತೆರೆಯಬೇಕು. ಹಾಲಿನವರು, ಅಂಚೆಯವರು, ಬೀಗರು, ಎಲ್ಲರೂ ಹೀಗೆ ನಿಂತವರೇ. (ಮತ ಕೇಳಲು ಬಂದ ಅಭ್ಯರ್ಥಿಯೊಬ್ಬರು ಒಂದೂವರೆ ಚೌಕಡಿಯಷ್ಟು ಹೊತ್ತು ಮೌನವಾಗಿ ನಿಂತಿದ್ದರು. ಅವರ ರಾಜಕೀಯ ಜೀವನದ ದೊಡ್ಡ ಮೌನ ಅದೇ ಇರಬೇಕು.)

ಈ ಕಾಯಿದೆಯಿಂದ ನನಗೆ ನಾನೇ ವಿನಾಯಿತಿ ಕೊಟ್ಟುಕೊಂಡಿದ್ದೆ. ಹೊಸ ಫೋನಿನ ಸುದ್ದಿ ಬಂದಾಗ ಲಾಳಿ ನಿಲ್ಲುವವರೆಗೆ ಕಾಯುವುದು ಯಾರಿಂದಾದೀತು? ಮಗ್ಗದ ಪಕ್ಕ ಕೂತು ಹೇಳುತ್ತಿದ್ದೆ. ಅವಳು ನೇಯುತ್ತಲೇ 'ಹೂಂ' ಅನ್ನುತ್ತಿದ್ದಳು. ಹದಿನೆಂಟು ವರ್ಷ ಹೀಗೆ ಅವಳಿಗೆ ಸಂಗೀತ, ತಂತ್ರಜ್ಞಾನ, ಜಾಹೀರಾತು ಶಾಸ್ತ್ರಗಳನ್ನು ಬೋಧಿಸಿದ್ದೇನೆ. ಒಂದು ಕಡೆ ಎಣಿಕೆ, ಒಂದು ಕಡೆ ನನ್ನ ಮಾತು, ಎರಡನ್ನೂ ಒಟ್ಟಿಗೆ ಗ್ರಹಿಸುವ ಅವಳ ಬುದ್ಧಿಶಕ್ತಿಗೆ ಒಳಗೊಳಗೇ ಬೆರಗಾಗಿದ್ದೇನೆ.

ಹೀಗಿರುವಾಗ ಒಂದು ಮಧ್ಯಾಹ್ನ ಕೊರಿಯರ್ ಅಯಾಜ ಬಂದು ಚೌಕಟ್ಟಿಗೆ ಒರಗಿ ನಿಂತ. ಮಧುಮತಿ ಲಾಳಿ ಇಟ್ಟು ಅವನ ಕಡೆ ನೋಡಿದಳು.

"ಅಕ್ಕಾರ, ಅಣ್ಣಾರದು ಮತ್ತೊಂದು ಪಾರ್ಸಲ್ ಬಂದೈತ್ರಿ."

ಅವನು ಪಾರ್ಸಲ್ ಅಂದಿದ್ದರೆ ಸಾಕಿತ್ತು. ಆ 'ಮತ್ತೊಂದು' ನನ್ನ ಊಟದ ತಟ್ಟೆಯವರೆಗೂ ಕೇಳಿಸಿತು. ಹಿಂದಿನ ತಿಂಗಳಷ್ಟೇ, ಚಪ್ಪಾಳೆ ತಟ್ಟಿದರೆ ಬಣ್ಣ ಬದಲಿಸುವ ದೀಪವೊಂದು ಬಂದು, ಮಗ್ಗದ ಪ್ರತಿ ಬಡಿತಕ್ಕೂ ಕೆಂಪು ಹಸಿರು ನೀಲಿ ಆಗಿ, ಓಣಿಯವರು ನಮ್ಮ ಮನೆಯಲ್ಲಿ ಏನು ಕಾರ್ಯಕ್ರಮ ಎಂದು ಕೇಳಿಹೋಗಿದ್ದರು. ಅಂದೇ ನಾನು ಇನ್ನು ಏನೂ ತರಿಸುವುದಿಲ್ಲ ಎಂದು ಅವ್ವನ ಎದುರು ಒಪ್ಪಿಕೊಂಡಿದ್ದೆ.

"ಇದೇನ್ರಿ?" ಮಧುಮತಿ ಪೆಟ್ಟಿಗೆ ಹಿಡಿದುಕೊಂಡು ಒಳಗೆ ಬಂದಳು.

"ಹೆಡ್‌ಫೋನ್."

"ಹಂಗಾರ ದಸರಾಕ್ಕ ಬಂದಿದ್ದು ಏನಿತ್ತು?"

"ಅದು ಕಿವಿ ಒಳಗ ಹೋಗೋದು. ಇದು ಕಿವಿ ಮ್ಯಾಲ ಕೂಡೋದು. ಹೊರಗಿನ ಸಪ್ಪಳ ಒಂಚೂರೂ ಒಳಗ ಬರಂಗಿಲ್ಲ."

"ಇನ್ನ ಕಿವಿ ಮುಂದ ಕೂಡೋದು ಯಾವಾಗ ಬರತೈತಿ?"

(ಅಂಥದೂ ಒಂದಿದೆ. ಆ ಹೊತ್ತಿಗೆ ತಿಳಿಸುವುದು ಉಚಿತವೆನಿಸಲಿಲ್ಲ.)

ಅವ್ವ ಒಳಗಿನಿಂದ ಗೋಡೆ ಹಿಡಿದುಕೊಂಡು ಬರುತ್ತಿರುವುದು ಕಾಣಿಸಿತು. ಆಪತ್ಕಾಲದಲ್ಲಿ ಗಂಡಸಿಗೆ ಹೊಳೆಯುವ ಮಾತು ಒಂದೇ. ನನಗೂ ಅದೇ ಹೊಳೆಯಿತು.

"ನಿನಗಂತನ ತರಿಸೀನಿ, ಮಧು."

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನನಗ?" ಅಂದಳು. ಪೆಟ್ಟಿಗೆಯನ್ನು ಬಿಚ್ಚಿ, ಆ ಹೆಡ್‌ಫೋನನ್ನು ತೊಟ್ಟಿಲ ಕೂಸಿನಂತೆ ಎತ್ತಿಕೊಂಡು ನಕ್ಕಳು. ನನಗೆ ನಾಚಿಕೆಯಾಯಿತು. ಹೆಡ್‌ಫೋನು ಕೈಬಿಟ್ಟು ಹೋಯಿತಲ್ಲ ಎಂಬ ದುಃಖವೂ ಆಯಿತು. ಯಾವುದು ಹೆಚ್ಚು ಎಂದು ಕೇಳಬೇಡಿ.

ಆಗ ಮಗ್ಗದ ಮೇಲಿದ್ದದ್ದು ನೇತ್ರಾಳ ಸೀರೆ. ನೇತ್ರಾ ಅಂದರೆ ನರಗುಂದದಲ್ಲಿರುವ ಮಧುಮತಿಯ ಅಕ್ಕ ರಾಜೇಶ್ವರಿಯ ಮಗಳು. ಅವಳ ನಿಶ್ಚಯಕ್ಕೆ ತಾನೇ ನೇಯ್ದ ಸೀರೆ ಉಡಿಸುವುದಾಗಿ ಮಧುಮತಿ ಮಾತು ಕೊಟ್ಟಿದ್ದಳು. ಗಂಡಿನವರು ರೋಣದವರು. ಗಂಡಿನ ಸೋದರತ್ತೆ ಸುವರ್ಣಾ ಎಂಬವರು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡದೆ ಕರವಸ್ತ್ರವನ್ನೂ ಕೊಳ್ಳುವುದಿಲ್ಲವೆಂದು ಪ್ರಸಿದ್ಧರು. ಮಧುಮತಿಗೆ ಅದೊಂದೇ ಚಿಂತೆ. ಅವಳು ಸಾಲಿ ಕಲಿತದ್ದು ಏಳನೇ ತರಗತಿಯವರೆಗೆ. ಜನ ಅವಳನ್ನು ಗುರುತಿಸುವುದು ಅವಳ ಚೌಕಡಿಯಿಂದ.

"ಕಿವಿ ಮುಚಗೊಂಡು ಹ್ಯಾಂಗ ನೇಯ್ತಿ ಯವ್ವಾ?" ಅಂದಳು ಅವ್ವ.

"ಮಗ್ಗದ ಸಪ್ಪಳ ಅಂದ್ರ ಶಬ್ದಮಾಲಿನ್ಯ," ಎಂದೆ ನಾನು. "ಹಾಡು ಕೇಳಕೋತ ನೇಯ್ದ್ರ ಕೈ ಲಗೂ ಓಡತಾವ. ಪರದೇಶದಾಗ ಆಕಳಿಗೂ ಹಾಡ ಹಾಕ್ತಾರ."

"ನಾವು ಹಾಲ ಕರಿಯಾಕತ್ತಿಲ್ಲ," ಅಂದು ಅವ್ವ ಒಳಗೆ ಹೋದಳು.

ನಾನು ಮಧುಮತಿಯ ಫೋನಿಗೆ ಒಂದು ಹಾಡಿನ ಆ್ಯಪ್ ಹಾಕಿಕೊಟ್ಟೆ. ಉಚಿತವಾದದ್ದು. ನಡುನಡುವೆ ಜಾಹೀರಾತು ಬರುತ್ತವೆ, ಆದರೆ ಜಾಹೀರಾತು ಬುದ್ಧಿವಂತರಿಗೆ ಏನು ಮಾಡೀತು? ಐದು ದಿನ ಅವಳು ಗುನುಗುತ್ತ ನೇಯ್ದಳು. ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಕೈಮಗ್ಗ ಕ್ಷೇತ್ರದಲ್ಲಿ ಮಾಡಿದ ಕ್ರಾಂತಿಯ ಬಗ್ಗೆ ಹೇಳಿದೆ.

ನಿಶ್ಚಯಕ್ಕೆ ಎರಡು ದಿನ ಇದ್ದಾಗ ಸೀರೆ ಮಗ್ಗದಿಂದ ಇಳಿಯಿತು. ಅವ್ವನಿಗೆ ಈಗ ಕಣ್ಣು ಮಂಜು. ಅವಳು ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಚೌಕಡಿ ಮುಟ್ಟುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಯಾರೋ ಮಾತಾಡಿಸ್ಯಾರ."

"ಯಾರೂ ಬಂದಿಲ್ರಿ ಅತ್ತಿ."

ಅವ್ವ ಮುಂದೆ ಸರಿದಳು. "ಇಲ್ಲೂ ಮಾತಾಡಿಸ್ಯಾರ." ಇನ್ನೂ ಮುಂದೆ. "ಇಲ್ಲಿ ಮತ್ತ." ಒಟ್ಟು ಹನ್ನೊಂದು ಕಡೆ ಚೌಕಡಿ ಉದ್ದವಾಗಿದ್ದವು. ಒಂದು ಮೊಳ ಸರಿ, ಆಮೇಲೆ ಒಂದು ಕತ್ತು ಚಾಚಿದ ಚೌಕಡಿ, ಮತ್ತೆ ಸರಿ.

ಮಧುಮತಿಯ ಮುಖ ಬಿಳಿಚಿತು. ಸಣ್ಣ ದನಿಯಲ್ಲಿ ಹೇಳಿದಳು: "ಹಾಡಿನ ನಡುವ ಒಬ್ಬಾಕಿ ಬರತಿದ್ಲರಿ ಅತ್ತಿ. 'ಅಕ್ಕಾ, ದಿನವಿಡೀ ದುಡಿದು ಕೈ ನೋಯ್ತಿದೆಯಾ?' ಅಂತ ಕೇಳತಿದ್ಲು. ನಾ ಹೌದ್ರಿ ಅಂತಿದ್ದೆ. ಅಷ್ಟರಾಗ ಎಣಿಕಿ ಮರತು ಮತ್ತ ಒಂದರಿಂದ ಹಿಡೀತಿದ್ದೆ."

"ಅದು ನೋವಿನ ಮುಲಾಮಿನ ಜಾಹೀರಾತು," ಎಂದೆ ನಾನು. "ಮಷೀನಿಗೆ ಯಾರರ ಉತ್ತರ ಕೊಡತಾರೇನು?"

"ಕೇಳಿದ್ಲಲ್ಲರಿ," ಅಂದಳು ಮಧುಮತಿ. "ಕೇಳಿದವರಿಗೆ ಹೇಳಬಾರದೇನು?"

ಅವಳು ಅಳಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, "ರೋಣದವರ ಮುಂದ ನನ್ನ ಹೆಸರ ಹೋತು," ಅಂದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಪಶ್ಚಾತ್ತಾಪ ತಡೆಯಲಾಗದೆ, ಆ ಆ್ಯಪಿನಲ್ಲಿ ಒಂದು ವರ್ಷ ಜಾಹೀರಾತೇ ಬಾರದಂತೆ ಅಲ್ಲೇ ದುಡ್ಡು ಕಟ್ಟಿಬಿಟ್ಟೆ. ಕಟ್ಟಿದ ಹಣ ವಾಪಸ್ ಇಲ್ಲ ಎಂಬ ಸಾಲನ್ನು ನಾನು ಓದಲಿಲ್ಲ. ಓದಿದ್ದರೂ ಆ ಗಳಿಗೆಯಲ್ಲಿ ಕಟ್ಟುತ್ತಿದ್ದೆ.

ಬೇರೆ ಸೀರೆಗೆ ಹೊತ್ತಿರಲಿಲ್ಲ. ಅದನ್ನೇ ಹಿಡಿದುಕೊಂಡು ನರಗುಂದಕ್ಕೆ ಹೋದೆವು. ರಾಜೇಶ್ವರಿಯವರ ಮನೆಯ ಅಂಗಳದಲ್ಲಿ ಹೆಂಗಸರು ಸುತ್ತುಗಟ್ಟಿ ಕೂತಿದ್ದರು. ನೇತ್ರಾ ಸೀರೆ ಉಟ್ಟು ಬಂದಳು. ಸುವರ್ಣಾ ಅವರು ಎದ್ದುಬಂದು ಸೆರಗು ಹಿಡಿದು, ತಿಕ್ಕಿ, ಕನ್ನಡಕ ಏರಿಸಿದರು.

"ಇದೇನ ಇದು, ಒಂದ ಚೌಕಡಿ ಗಿಡ್ಡ, ಒಂದ ಉದ್ದ?"

ಹೆಂಗಸರೆಲ್ಲ ಸೀರೆಯತ್ತ ಬಾಗಿದರು. ಮಧುಮತಿ ನೆಲ ನೋಡತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು ಮುಂದೆ ಬಂದೆ.

"ಇದು ಸಂಗೀತ ಸೀರೀರಿ. ಹಾಡ ಕೇಳಕೋತ ನೇಯ್ದದ್ದು. ಪಲ್ಲವಿಗೆ ಒಂದ ಅಳತಿ, ಚರಣಕ್ಕ ಒಂದ ಅಳತಿ. ಮಷೀನಿನಿಂದ ಬರೋದ ಸಾಧ್ಯ ಇಲ್ಲ. ಇಂಥಾದ್ದು ಇಡೀ ಜಿಲ್ಲಾದಾಗ ಇದೊಂದ. ಎಲ್ಲಾರಿಗೂ ಅಲ್ಲ, ತಿಳದವರಿಗೆ ಮಾತ್ರ."

'ತಿಳಿದವರಿಗೆ ಮಾತ್ರ' ಎಂಬ ಮಾತನ್ನು ನಾನು ಜೀವನಪೂರ್ತಿ ಹಾಸ್ಯ ಮಾಡಿದ್ದೇನೆ. ಆದರೆ ಏನು ಹೇಳಲಿ, ಸುವರ್ಣಾ ಅವರ ಬೆರಳು ಮೆತ್ತಗಾಯಿತು.

"ನೋಡಿದ ಕೂಡಲೇ ನನಗ ಅನಿಸ್ತು," ಅಂದರು. "ಹಂಗಾರ ನನಗೊಂದು. ಹಿಂಗ ಇರಬೇಕು ಮತ್ತ. ಸಮ ಚೌಕಡಿ ಎಲ್ಲಾರ ಟ್ರಂಕಿನಾಗೂ ಅದಾವ."

ತಿಳಿದವರಾಗದೆ ಉಳಿಯುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಊಟಕ್ಕೆ ಎಲೆ ಹಾಕುವುದರೊಳಗೆ ನಾಲ್ಕು ಸೀರೆಗೆ ಬೇಡಿಕೆ ಬಂತು. ನೇತ್ರಾ ಬಂದು, "ಕಾಕಾ, ಭಾಳ ಚಲೋ ಹೇಳಿದ್ರಿ," ಅಂದಳು. ವಾಪಸ್ ಬಸ್ಸಿನಲ್ಲಿ ನಾನು ಕಿಟಕಿ ಪಕ್ಕ ಎದೆ ಉಬ್ಬಿಸಿ ಕೂತಿದ್ದೆ. ರೋಣ ದಾಟಿದ ಮೇಲೆ ಮಧುಮತಿ ನನ್ನ ಕಡೆ ತಿರುಗಿದಳು.

"ಸುಳ್ಳ ಹೇಳಿದ್ರಿ," ಅಂದಳು.

"ಅದು ಸುಳ್ಳಲ್ಲ. ಜಾಹೀರಾತು."

"ಈಗ ಅಂಥಾವ ನಾಲ್ಕು ನೇಯಬೇಕಲ್ಲ, ಹ್ಯಾಂಗ?"

ಅದರಲ್ಲೇನಿದೆ ಎಂದುಕೊಂಡೆ. ಮರುದಿನ ಅವಳು ಹೆಡ್‌ಫೋನು ಹಾಕಿಕೊಂಡು ಕೂತಳು. ಹಾಡಿನ ಮೇಲೆ ಹಾಡು ಬಂದವು. ಆ ಹೆಣ್ಣುಮಗಳು ಮಾತ್ರ ಬರಲಿಲ್ಲ. ಎಲ್ಲಿಂದ ಬರಬೇಕು? ಒಂದು ವರ್ಷ ಬಾರದಂತೆ ನಾನೇ ದುಡ್ಡು ಕಟ್ಟಿ ಅವಳನ್ನು ಹೊರಗೆ ಹಾಕಿದ್ದೆ. ಚೌಕಡಿ ಒಂದಕ್ಕಿಂತ ಒಂದು ಸರಿಸಮ ಬಿದ್ದವು.

"ಬೇಕಂತನ ಒಂದಿಷ್ಟು ಉದ್ದ ನೇಯಿ," ಎಂದೆ.

"ಕೈ ಒಪ್ಪವಲ್ದರಿ. ನಲವತ್ತಾದ ಕೂಡಲೇ ತಾನ ಕೆಂಪು ಲಾಳಿ ಹಿಡೀತೈತಿ."

"ತಪ್ಪಿದ್ರ ತಪ್ಪಲಿ," ಅವ್ವ ಒಳಗಿನಿಂದ ಕೂಗಿದಳು. "ಬೇಕಂತ ತಪ್ಪ ನೇಯೋದು ಈ ಮನಿಯಾಗ ನಡಿಯಂಗಿಲ್ಲ."

ಉಳಿದದ್ದು ಒಂದೇ ದಾರಿ. ಅಂಗಡಿ ಮುಚ್ಚಿ, ಮಧುಮತಿಯ ತಲೆಯ ಮೇಲಿನ ಹೆಡ್‌ಫೋನು ತೆಗೆದು, ಮಗ್ಗದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಜಾಹೀರಾತನ್ನು ಇಷ್ಟು ವರ್ಷ ಅಧ್ಯಯನ ಮಾಡಿದ್ದು ಯಾವಾಗ ಉಪಯೋಗಕ್ಕೆ ಬರಬೇಕು? ಸಾಬೂನಿನಿಂದ ಶುರು ಮಾಡಿದೆ. ಪೇಂಟು, ಪಂಪ್‌ಸೆಟ್ಟು, ಹತ್ತಿಬೀಜ, ತಲೆಗೂದಲ ಎಣ್ಣೆ, ಒಂದೊಂದನ್ನೂ ಅಭಿನಯ ಸಮೇತ ಸಾರಿದೆ. ಹೆಣ್ಣುದನಿಯಲ್ಲೂ ಹೇಳಿದೆ. ಹಾಲಿನವರು ಚೌಕಟ್ಟಿಗೆ ಒರಗಿ ನೋಡಿ, ಹಾಲು ಹಾಕದೆ ಮೆಲ್ಲಗೆ ಹೋದರು. ಮಧುಮತಿ ಪ್ರತಿಯೊಂದಕ್ಕೂ 'ಹೂಂ' ಅಂದಳು. ಸಂಜೆಯ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಯಿತು.

ಅವ್ವ ಬಂದು ಆ ದಿನದ ನೇಯ್ಗೆಯ ಮೇಲೆ ಬೆರಳಾಡಿಸಿದಳು. ಈ ತುದಿಯಿಂದ ಆ ತುದಿಗೆ ಹೋದಳು. ಮತ್ತೊಮ್ಮೆ ಹೋದಳು.

"ಇಲ್ಲಿ ಯಾರೂ ಮಾತಾಡೇ ಇಲ್ಲಲ್ಲ."

ನಾನು ಮಧುಮತಿಯ ಮುಖ ನೋಡಿದೆ. ಅವಳು ಲಾಳಿಯ ಕಡೆ ನೋಡಿದಳು.

"ಮಧು, ಖರೇ ಹೇಳು. ನಾ ಇಷ್ಟೊತ್ತು ಏನ ಹೇಳಿದೆ?"

"ಅದ ಫೋನಿಂದಲ್ಲರಿ?"

ಹದಿನೆಂಟು ವರ್ಷದ 'ಹೂಂ'ಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ಕುರ್ಚಿಯಿಂದ ಏಳಲೂ ಮನಸ್ಸಾಗಲಿಲ್ಲ. ಅವಳು ಮತ್ತೆ ನೇಯಲು ಹಿಡಿದಳು. ನೋಡುತ್ತ ಕೂತೆ. ಬಲಗೈಯ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಅದು ಯಾವಾಗಿನಿಂದ ಹಾಗಿತ್ತೋ ನನಗೆ ಗೊತ್ತಿರಲಿಲ್ಲ.

"ಕೈ ಭಾಳ ನೋಯ್ತಾವೇನು?" ಎಂದೆ. ಇದನ್ನು ಅಭಿನಯ ಮಾಡಿ ಹೇಳಲಿಲ್ಲ. ಬಿದ್ದ ಗಂಟಲಲ್ಲಿ ತಾನಾಗಿ ಬಂತು.

ಲಾಳಿ ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದಳು. ಮಗ್ಗ ನೋಡಿದಳು, ಬೆರಳಿನಿಂದ ಎಳೆ ಹುಡುಕಿದಳು, ಸಿಗಲಿಲ್ಲ. ಎಣಿಕೆ ತಪ್ಪಿತ್ತು.

"ನೋಯ್ತಾವರಿ," ಅಂದಳು. ನೂಲಿನ ಬುಟ್ಟಿಯನ್ನೂ ರಾಟಿಯನ್ನೂ ನನ್ನ ಕಡೆ ಸರಿಸಿದಳು. "ಲಾಳಿಗೆ ಹಾಕೋ ನೂಲಿನ ಕಂಡಿಕಿ ನಾನ ಸುತ್ತಕೋಬೇಕು, ನೋಡ್ರಿ. ಅದಕ್ಕ ಜಾಸ್ತಿ ನೋಯ್ತಾವ. ಇನ್ನ ನೀವ ಸುತ್ರಿ."

ಈಗ ಮೂರನೆಯ ಸೀರೆ ಮಗ್ಗದ ಮೇಲಿದೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಎರಡು ತಾಸು, ಸಂಜೆ ಎರಡು ತಾಸು ನಾನು ಕಂಡಿಕೆ ಸುತ್ತುತ್ತೇನೆ. ಸುತ್ತುತ್ತ ನಡುನಡುವೆ ಅವಳ ಕೈಯ ಬಗ್ಗೆ ಕೇಳುತ್ತೇನೆ. ಸೀರೆಗೆ ಹನ್ನೊಂದು ಸಲ. ಹೆಡ್‌ಫೋನು ಅವ್ವನ ತಲೆಯ ಮೇಲಿದೆ. ಜಾಹೀರಾತಿಲ್ಲದ ಭಜನೆ ಎಷ್ಟು ಚಲೋ ಎಂದು ಓಣಿಗೆಲ್ಲ ಹೇಳುತ್ತಾಳೆ. ಎರಡು ದಿನದಿಂದ ನನ್ನ ಬಲಗೈ ಭುಜದವರೆಗೆ ನೋಯುತ್ತಿದೆ. ಇನ್ನೂ ಯಾರೂ ಕೇಳಿಲ್ಲ.