ಮಂಚದ ಕೆಳಗೆ ಬಂದ ಕೈ

ಮಗಳು ನಾವಿಕ ಕಾಲೇಜಿಗೆ ಸೇರಿದಾಗಿನಿಂದ ನನ್ನ ಕಣ್ಣಿಗೆ ನಿದ್ದೆ ಇಲ್ಲ ಸ್ವಾಮಿ. (ಮಧ್ಯಾಹ್ನದ್ದು ಬಿಟ್ಟು.) ಸ್ನಾನದ ಬಕೆಟ್ಟಿಗೇ ಹೆದರುವ ವಂಶ ನಮ್ಮದು, ಇವಳಿಗೆ ಹಡಗು ನಡೆಸಬೇಕಂತೆ!

ರಜೆಗೆ ಬಂದವಳ ಮುಖ ಸಪ್ಪಗಿತ್ತು. ಹೊಗೆ ತುಂಬಿದ ಕೋಣೆಯಲ್ಲಿ ಬಿದ್ದವರನ್ನು ತಡಕಾಡಿ ಹುಡುಕುವ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಇನ್ನೊಂದು ಸಲ ಫೇಲಾದರೆ ಕಾಲೇಜು ಬಿಡಬೇಕು. ನನಗೆ ಹಾಲು ಕುಡಿದಷ್ಟು ಸಂತೋಷ. ಅವಳಿಲ್ಲದ ಮನೆ ಬಿಕೋ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ? ತಕ್ಷಣ ಮಹೋನ್ನತ ಉಪಾಯವೊಂದು ಹೊಳೆಯಿತು.

"ನೋಡಮ್ಮ, ಮನೆಯೆಲ್ಲ ಕತ್ತಲೆ ಮಾಡ್ತೀನಿ. ನೀನು ಬೀದಿ ಬಾಗಿಲಾಚೆ ನಿಂತು ಕಣ್ಣಿಗೆ ಬಟ್ಟೆ ಕಟ್ಕೊಂಡು, ಆಮೇಲೆ ಒಳಗೆ ಬಂದು ನನ್ನನ್ನ ಹುಡುಕು. ಸಿಕ್ಕಿದ್ರೆ ಕಾಲೇಜು. ಸಿಗದಿದ್ರೆ ಸಮುದ್ರದ ಸುದ್ದಿ ಎತ್ತಬಾರದು."

"ಸರಿ ಅಪ್ಪ. ಮಾತು ತಪ್ಪಬಾರದು," ಅಂದಳು. ಆಗಲೇ ಕಣ್ಣಿಗೆ ಕಟ್ಟಲು ಬಟ್ಟೆ ಹುಡುಕುತ್ತಿದ್ದಳು, ಪಾಪ.

ನನ್ನವಳು ಮಗಳ ಪಕ್ಷ. ಅದಕ್ಕೇ ಹೆಂಡತಿಯನ್ನು ಅವಳ ಅಕ್ಕನ ಮನೆಗೆ ಸಾಗಹಾಕಿ, ಕಿಟಕಿಗಳನ್ನೆಲ್ಲ ಮುಚ್ಚಿ, ಹಿಂದಿನ ಕೋಣೆಯ ಮಂಚದ ಕೆಳಗೆ ಹಳೇ ಹಾಸಿಗೆಗಳ ಸಂದಿಯಲ್ಲಿ ತೂರಿಕೊಂಡೆ.

ಮಟಮಟ ಮಧ್ಯಾಹ್ನ ಅಂಥ ಕತ್ತಲೆ ನಾನು ಕಂಡಿರಲಿಲ್ಲ. ನನ್ನ ಕೈ ನನಗೇ ಕಾಣದು. ಗೋಡೆಯೊಳಗೆ ಯಾರೋ ಉಸಿರೆಳೆದಂತಾಯಿತು. ಆಮೇಲೆ ಸರ್... ಸರ್... ಕಾಲೆತ್ತದೆ ನೆಲ ಸವರುತ್ತ ಹೆಜ್ಜೆಗಳು ಬಂದವು. ಕಾಲೇಜಲ್ಲಿ ಕಲಿಸುವ ನಡಿಗೆಯೇ. ತಣ್ಣಗಿನ ಒದ್ದೆ ಕೈಯೊಂದು (ಅಂಗೈ ಅಲ್ಲ, ಕೈಯ ಹಿಂಭಾಗ; ಅದೂ ಅಲ್ಲಿಯ ಪಾಠವೇ) ನನ್ನ ಹಣೆ, ಮೂಗು, ಮೀಸೆ ಸವರಿತು. 'ಸೋತೆ' ಅನ್ನೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಸರಿಯಿತು. ಮಾತಿಲ್ಲ, ಕತೆಯಿಲ್ಲ.

ಆಗ ಬೀದಿ ಬಾಗಿಲಾಚೆಯಿಂದ ಮಗಳ ಕೂಗು: "ಅಪ್ಪಾ, ಬಟ್ಟೆ ಕಟ್ಕೊಂಡೆ! ಈಗ ಒಳಗೆ ಬರ್ಲಾ?"

ಹಾಗಾದರೆ ಇದು...?

ಆ ಕೈ ಮತ್ತೆ ಬಂದು ನನ್ನ ಪಾದ ಹಿಡಿಯಿತು.

"ಅಯ್ಯಯ್ಯೋ, ಸತ್ತೆ! ಮಗಳೇ, ಹಿಂದಿನ ಕೋಣೆ, ಮಂಚದ ಕೆಳಗೆ! ಬಾರೇ ಬೇಗ!"

ಬಂದಳು. ಗೋಡೆ ತಡಕಿ, ನೆಲ ಸವರಿ, ನನ್ನ ಕಂಕುಳಿಗೆ ಕೈ ಹಾಕಿ ಅಂಗಳದವರೆಗೆ ಎಳೆತಂದಳು. ಕಣ್ಣಿನ ಬಟ್ಟೆ ಬಿಚ್ಚಿರಲೇ ಇಲ್ಲ. ನಾನು ಅವಳ ಕೊರಳು ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟೆ.

"ಕಾಲೇಜಿಗೆ ಹೋಗಮ್ಮ, ನಾಳೆಯೇ ಹೋಗು! ಆದ್ರೆ ಒಳಗೆ ಏನೋ ಇದೆ!"

ಒಳಗಿದ್ದದ್ದು ಟವೆಲಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂತು. ನನ್ನ ಧರ್ಮಪತ್ನಿ!

"ಹಿತ್ತಲ ಬಾಗಿಲಿಂದ ಬಂದೆ ರೀ. ಮಗಳು ಅಭ್ಯಾಸ ಮಾಡೋದು ನೋಡಿ ನೋಡಿ ನನಗೂ ಕತ್ತಲಲ್ಲಿ ಹುಡುಕೋದು ಬಂದಿದೆ."

"ಸಿಕ್ಕಿದ ಮೇಲೆ ಒಂದು ಮಾತು ಆಡಬಾರದಿತ್ತೇನೇ?"

"ಇಷ್ಟು ವರ್ಷ ಆಡಿಯೇ ನೋಡಿದ್ದೀನಲ್ಲ," ಅಂದಳು. "ಒಂದಕ್ಕಾದ್ರೂ ಒಪ್ಪಿದ್ರಾ?"